ಅಮೆರಿಕದಲ್ಲಿ ಸ್ಟೂಡೆಂಟ್ ಲೋನ್ ಮನ್ನಾ ಮಾಡಿದ್ರೆ ಟ್ಯಾಕ್ಸ್ ಕಟ್ಟೋರಿಗೆ ಅನ್ಯಾಯ ಅಲ್ವಾ?

ನಾನೂ ಇಲ್ಲಿ ಓಹಾಯೋದಲ್ಲಿ ಟ್ಯಾಕ್ಸ್ ಕಟ್ತಿರೋನೇ. ನನ್ನ ಓದಿನ ಸಾಲ ಊರಿನ ಬ್ಯಾಂಕಲ್ಲಿ ಅಪ್ಪನ ಮನೆ ಅಡ ಇಟ್ಟು ತಗೊಂಡಿದ್ದು, ಪೂರ್ತಿ ತೀರಿಸಿದೀನಿ. ಇಲ್ಲಿನ ಫೆಡರಲ್ ಲೋನ್, ಅಂದ್ರೆ ಕೇಂದ್ರ ಸರ್ಕಾರ ಕೊಡೋ ಓದಿನ ಸಾಲ, ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಬಂದೋರಿಗೆ ಸಿಗೋದೇ ಇಲ್ಲ, ಹಾಗಾಗಿ ಮನ್ನಾ ಆದ್ರೆ ನನಗೆ ಒಂದು ಡಾಲರೂ ಬರಲ್ಲ. ಆದ್ರೂ ಹೇಳ್ತೀನಿ, ಅನ್ಯಾಯ ಅಲ್ಲ.

"ತಗೊಂಡೋರು ತೀರಿಸ್ಲಿ" ಅಂತ ಸುಮಾರು ಜನ ಹೇಳ್ತಾರೆ. ಸರಿ, ಲೆಕ್ಕ ನೋಡೋಣ. 2006ರಿಂದ 2013ರವರೆಗೆ ಅನ್‌ಸಬ್ಸಿಡೈಸ್ಡ್ ಲೋನಿಗೆ (ಓದೋವಾಗಲೂ ಬಡ್ಡಿ ನಮ್ಮ ಮೇಲೇ ಬೀಳೋ ಸಾಲ) ಬಡ್ಡಿ 6.8% ಇತ್ತು. 30,000 ಡಾಲರ್ ಸಾಲಕ್ಕೆ ತಿಂಗಳ ಬಡ್ಡಿನೇ 170 ಆಯ್ತು. ಸಂಬಳ ಕಮ್ಮಿ ಇರೋರಿಗೆ ಸಂಬಳ ನೋಡಿ ಕಂತು ಹಾಕೋ ಪ್ಲಾನ್ ಇದೆ, ಕಂತು 120 ಬಂತು ಅಂದ್ಕೊಳ್ಳಿ, ಪ್ರತಿ ತಿಂಗಳು 50 ಡಾಲರ್ ಬಾಕಿಗೆ ಸೇರ್ಕೊಳ್ತಾ ಹೋಗುತ್ತೆ, ಹತ್ತು ವರ್ಷ ಒಂದು ಕಂತೂ ತಪ್ಪಿಸದೆ 14,400 ಕಟ್ಟಿದ ಮೇಲೂ ಬಾಕಿ 36,000. ಇವರನ್ನ ಸಾಲ ತೀರಿಸದೋರು ಅಂತ ಹೇಗ್ರೀ ಅನ್ನೋದು? ಕ್ರೆಡಿಟ್ ಕಾರ್ಡ್ ಸಾಲ ಆದ್ರೆ ದಿವಾಳಿ ಅರ್ಜಿ ಹಾಕಿ ಕೈ ತೊಳ್ಕೋಬಹುದು, ಸ್ಟೂಡೆಂಟ್ ಲೋನಿಗೆ 1998ರಿಂದ ಆ ದಾರಿನೂ ಹೆಚ್ಚುಕಮ್ಮಿ ಮುಚ್ಚೋಗಿದೆ.

ನಮ್ಮ ಪಕ್ಕದ್ಮನೆಯವರು ಸರ್ಕಾರಿ ಸ್ಕೂಲಲ್ಲಿ ಟೀಚರ್. 2007ರ ಕಾನೂನು ಪ್ರಕಾರ ಅಂಥ ಕೆಲಸದಲ್ಲಿದ್ದು 120 ಕಂತು ಕಟ್ಟಿದ್ರೆ ಉಳಿದಿದ್ದು ಮನ್ನಾ. ಅವರು ಕಟ್ಟಿ ಮುಗಿಸಿ ಅರ್ಜಿ ಹಾಕಿದ್ರೆ "ನಿಮ್ಮದು ಬೇರೆ ಟೈಪ್ ಲೋನ್, ಈ ಕಂತು ಯಾವುದೂ ಲೆಕ್ಕಕ್ಕೆ ಬರಲ್ಲ" ಅಂದ್ಬಿಟ್ರು, ಅಷ್ಟು ವರ್ಷ ಕಂತು ಈಸ್ಕೊಂಡೋರು ಒಂದು ಸಲನೂ ಅದನ್ನ ಹೇಳಿರ್ಲಿಲ್ಲ. 2021ರ ಅಕ್ಟೋಬರಲ್ಲಿ ಸರ್ಕಾರ ರೂಲ್ಸ್ ಸಡಿಲ ಮಾಡಿದ್ಮೇಲೆ ಹಳೇ ಕಂತು ಲೆಕ್ಕಕ್ಕೆ ಬಂದು ಸಾಲ ಹೋಯ್ತು. ಇದು ದಾನ ಅಲ್ಲ ಸ್ವಾಮಿ, ಕೊಟ್ಟ ಮಾತು ತಡವಾಗಿ ಉಳಿಸ್ಕೊಂಡಿದ್ದು.

ಆಗಿನ ಅಧ್ಯಕ್ಷ ಬೈಡನ್ ಅವರ ಮನ್ನಾ ಪ್ಲಾನ್ ವಿಷಯ ಬೇರೆ. 2022ರ ಆಗಸ್ಟಲ್ಲಿ ಒಬ್ಬೊಬ್ಬರಿಗೆ 10,000 ಡಾಲರ್‌ವರೆಗೆ, ಬಡ ಮನೆಯಿಂದ ಬಂದು ಪೆಲ್ ಗ್ರಾಂಟ್ ಅನ್ನೋ ಸರ್ಕಾರಿ ಸಹಾಯಧನ ಪಡೆದೋರಿಗೆ 20,000ದವರೆಗೆ ಮನ್ನಾ ಅಂತ ಘೋಷಿಸಿದ್ರು, ಖರ್ಚು ಸುಮಾರು 400 ಬಿಲಿಯನ್ ಅಂತ ಅಂದಾಜಿತ್ತು, 2023ರ ಜೂನ್ 30ಕ್ಕೆ ಸುಪ್ರೀಂ ಕೋರ್ಟ್ 6-3ರಲ್ಲಿ ಹೊಡೆದು ಹಾಕ್ತು. ಅಷ್ಟು ದುಡ್ಡನ್ನ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಒಪ್ಪಿಗೆ ಇಲ್ದೆ ಬಿಟ್ಟುಕೊಡೋ ಹಾಗಿಲ್ಲ ಅನ್ನೋ ವಾದದಲ್ಲಿ ಹುರುಳಿದೆ, ಒಪ್ತೀನಿ. ಆದ್ರೆ ಅದೇ ಕಾಂಗ್ರೆಸ್ ಕೊರೊನಾ ಟೈಮಲ್ಲಿ ಪಿಪಿಪಿ (ನೌಕರರ ಸಂಬಳ ಉಳಿಸೋಕೆ ಅಂತ ಮಾಡಿದ ಯೋಜನೆ) ಅಂತ ಬಿಸಿನೆಸ್‌ನೋರಿಗೆ ಸುಮಾರು 800 ಬಿಲಿಯನ್ ಸಾಲ ಕೊಡಿಸಿ ಬಹುಪಾಲು ಮನ್ನಾನೂ ಮಾಡಿಸ್ತು, ಅದೂ ನಮ್ಮ ಟ್ಯಾಕ್ಸೇ ಅಲ್ವಾ?

ನನ್ನ ಕೇಳಿದ್ರೆ ಒಂದು ಸಲದ ಮನ್ನಾಗಿಂತ ಮೊದಲು ಆಗ್ಬೇಕಾಗಿರೋದು ಬಡ್ಡಿ ಇಳಿಸೋದು, ಅಸಲಿನಷ್ಟು ಕಟ್ಟಿ ಆದೋರನ್ನ ಬಿಟ್ಟುಬಿಡೋದು, ದಿವಾಳಿ ದಾರಿ ಮತ್ತೆ ತೆಗೆಯೋದು. ಇಲ್ದಿದ್ರೆ ಈ ವರ್ಷ ಮನ್ನಾ ಮಾಡಿದ್ರೂ ಮುಂದಿನ ವರ್ಷ ಕಾಲೇಜಿಗೆ ಸೇರೋ ಹುಡುಗ್ರು ಮತ್ತೆ ಇಂಥದೇ ಸಾಲಕ್ಕೆ ಸೈನ್ ಹಾಕ್ತಾರೆ.