ಪ್ರತಿಕ್ರಿಯೆ: ಫರ್ಮಿ ಇದ್ದರೂ ಸ್ವಿಫ್ಟ್ ಏಕೆ ಬೇಕು?

ಫರ್ಮಿ ಉಪಗ್ರಹವು ಗಾಮಾ ಕಿರಣ ಸ್ಫೋಟವನ್ನು (ಬಹುದೂರದ ಬಾಹ್ಯಾಕಾಶದಿಂದ ಹಠಾತ್ತನೆ ಬರುವ ಗಾಮಾ ಕಿರಣಗಳ ಅಲ್ಪಕಾಲದ ಹೊನಲನ್ನು) ಪತ್ತೆಹಚ್ಚಿದ ಕೂಡಲೇ ಭೂಮಿಯ ದೂರದರ್ಶಕಗಳನ್ನು ಅತ್ತ ತಿರುಗಿಸಬಹುದಲ್ಲ, ಸ್ವಿಫ್ಟ್ ಎಂಬ ಇನ್ನೊಂದು ಉಪಗ್ರಹ ಏಕೆ ಬೇಕು ಎಂದು ಕೇಳಿದ್ದೀರಿ. ತೊಡಕಿರುವುದು ‘ಅತ್ತ’ ಎಂದರೆ ಎತ್ತ ಎಂಬುದರಲ್ಲಿಯೇ. ಗಾಮಾ ಕಿರಣಗಳನ್ನು ಸಾಮಾನ್ಯ ಮಸೂರ, ದರ್ಪಣಗಳಿಂದ ಒಂದೆಡೆ ಕೇಂದ್ರೀಕರಿಸಲಾಗದ ಕಾರಣ, ಫರ್ಮಿಯ ಸ್ಫೋಟ ಮಾಪಕವು ಬೇರೆಬೇರೆ ದಿಕ್ಕಿಗೆ ಮುಖಮಾಡಿದ ತನ್ನ ಸಂವೇದಕಗಳಲ್ಲಿ ಯಾವುದಕ್ಕೆ ಎಷ್ಟು ಕಿರಣಗಳು ತಾಗಿದವೆಂದು ಹೋಲಿಸಿ ದಿಕ್ಕನ್ನು ಅಂದಾಜಿಸುತ್ತದೆ. ಅದರಲ್ಲಿ ಹಲವು ಡಿಗ್ರಿಗಳ ಅನಿಶ್ಚಿತತೆ ಉಳಿಯುತ್ತದೆ. ದೊಡ್ಡ ದೂರದರ್ಶಕಗಳ ನೋಟವಾದರೋ ಸಾಮಾನ್ಯವಾಗಿ ಒಂದು ಡಿಗ್ರಿಗಿಂತಲೂ ಕಿರಿದು.

2004ರಲ್ಲಿ ಉಡಾವಣೆಗೊಂಡ ಸ್ವಿಫ್ಟ್, ಸೀಸದ ತುಣುಕುಗಳ ಜಾಲರಿಯೊಂದು ಸಂವೇದಕದ ಮೇಲೆ ಬೀಳಿಸುವ ನೆರಳಿನ ವಿನ್ಯಾಸದಿಂದ ಸ್ಥಾನವನ್ನು ಕೆಲವೇ ಕಲಾನಿಮಿಷಗಳಷ್ಟು (ಕಲಾನಿಮಿಷವೆಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ) ನಿಖರವಾಗಿ ಗುರುತಿಸಿ, ಯಾರ ಅಪ್ಪಣೆಗೂ ಕಾಯದೆ ತಾನೇ ಒಂದೆರಡು ನಿಮಿಷಗಳೊಳಗೆ ಅತ್ತ ತಿರುಗಿ, ಎಕ್ಸ್-ಕಿರಣ ದೂರದರ್ಶಕದಿಂದ ಆ ಸ್ಥಾನದ ಅನಿಶ್ಚಿತತೆಯನ್ನು ಕೆಲವು ಕಲಾಸೆಕೆಂಡುಗಳಿಗೆ (ಕಲಾನಿಮಿಷದ ಅರವತ್ತನೆಯ ಒಂದು ಭಾಗವೇ ಕಲಾಸೆಕೆಂಡು) ಇಳಿಸುತ್ತದೆ.

ಈ ಅವಸರಕ್ಕೆ ಕಾರಣವಿದೆ. ಸ್ಫೋಟದ ನಂತರದ ಬೆಳಕು ಸ್ಥೂಲವಾಗಿ ಕಾಲಕ್ಕೆ ವಿಲೋಮಾನುಪಾತದಲ್ಲಿ ಕುಗ್ಗುತ್ತದೆಂದು ಇಟ್ಟುಕೊಂಡರೆ, ಮೊದಲ ನಿಮಿಷದಲ್ಲಿ ಕಂಡದ್ದು ಒಂದು ಗಂಟೆಯ ಹೊತ್ತಿಗೆ ಅರವತ್ತು ಪಟ್ಟು, ಅಂದರೆ ಸುಮಾರು 4.4 ಕಾಂತಿಮಾನದಷ್ಟು (ಆಕಾಶಕಾಯಗಳ ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಹೊಳಪು ಕಡಿಮೆ) ಮಂಕಾಗಿರುತ್ತದೆ. ರೋಹಿತ ತೆಗೆದು, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಕೆಂಪುಪಲ್ಲಟವನ್ನು (ಬೆಳಕಿನ ಅಲೆಗಳು ಕೆಂಪಿನತ್ತ ಎಷ್ಟು ಹಿಗ್ಗಿವೆ ಎಂಬುದನ್ನು), ಅದರಿಂದ ದೂರವನ್ನು ಅಳೆಯುವ ದೊಡ್ಡ ದೂರದರ್ಶಕಗಳಿಗೆ ಬೆಳಕು ತೀರಾ ಕುಗ್ಗುವ ಮುನ್ನವೇ ಖಚಿತ ಸ್ಥಾನ ತಿಳಿಯಬೇಕು.

ನಿಮ್ಮ ವಾದಕ್ಕೆ ಪುಷ್ಟಿ ಕೊಡುವ ಉದಾಹರಣೆಯೂ ಇಲ್ಲದಿಲ್ಲ. 1999ರ ಜನವರಿ 23ರಂದು, ನಾಲ್ಕು ಕ್ಯಾಮೆರಾ ಮಸೂರಗಳನ್ನು ಜೋಡಿಸಿದ್ದ ರೋಟ್ಸಿ ಎಂಬ ಸ್ವಯಂಚಾಲಿತ ಉಪಕರಣವು ಒರಟು ಸ್ಥಾನವನ್ನಷ್ಟೇ ನಂಬಿ ತಿರುಗಿ, ಸುಮಾರು 9ನೆಯ ಕಾಂತಿಮಾನಕ್ಕೇರಿದ ಬೆಳಕನ್ನು ಸೆರೆಹಿಡಿಯಿತು. ಅದಕ್ಕೆ ನೆರವಾದದ್ದು ಅದರ ಅತಿ ವಿಶಾಲವಾದ ನೋಟ.