ಈಚಿನ ಸಿನಿಮಾಗಳಲ್ಲಿ ನನಗೆ ಹಿಡಿಸಿದ್ದು, ಹಿಡಿಸದ್ದು

ಮೂರ್ನಾಲ್ಕು ವರ್ಷದಿಂದೀಚೆಗೆ ಬಂದ ಸಿನಿಮಾಗಳಲ್ಲಿ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ, ಯಾಕೆ ಅಂತ ಕೇಳಿದ್ದೀರಿ. ಸಿನಿಮಾ ನೋಡುವಾಗ ನನ್ನ ಕಣ್ಣು ಹೀರೊಗಿಂತ ಜಾಸ್ತಿ ಅವನ ಸುತ್ತ ಇರುವವರ ಮೇಲೆ ಹೋಗುತ್ತದೆ. ಹೋಟೆಲಿನವನು, ಪೊಲೀಸು, ಪಕ್ಕದ ಮನೆಯವಳು, ಇವರಿಗೂ ಒಂದು ಬದುಕಿದೆ ಅನ್ನಿಸಿದರೆ ಸಿನಿಮಾ ಅರ್ಧ ಗೆದ್ದ ಹಾಗೆ. ಕಥೆಯ ಗುಟ್ಟು ಅಲ್ಲಲ್ಲಿ ಬಿಟ್ಟುಕೊಟ್ಟಿದ್ದೇನೆ, ನೋಡದೇ ಇರುವವರು ಆ ಭಾಗ ದಾಟಿ ಓದಿ.

ಮೊದಲು ‘ಸು ಫ್ರಮ್ ಸೋ’ (2025). ಜೆ. ಪಿ. ತುಮಿನಾಡು ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ಅಶೋಕ ತಾನು ಮಾಡಿದ ತಪ್ಪು ಮುಚ್ಚಿಡಲು ಮೈಮೇಲೆ ದೆವ್ವ ಬಂದವನ ಹಾಗೆ ಆಡುತ್ತಾನೆ. ಊರಿಗೆ ಊರೇ ನಂಬುತ್ತದೆ. ಆ ದೆವ್ವದ್ದು ಅಂತ ಸೋಮೇಶ್ವರದ ಸುಲೋಚನ ಅನ್ನುವ ಹೆಸರು ಎಲ್ಲರ ಬಾಯಲ್ಲಿ ಓಡಾಡತೊಡಗುತ್ತದೆ. ಇದರಲ್ಲಿ ಯಾರನ್ನೂ ಹೀರೊ ಅನ್ನುವ ಹಾಗಿಲ್ಲ. ಶನೀಲ್ ಗೌತಮ್ ಮಾಡಿದ ರವಿಯಣ್ಣನನ್ನೇ ನೋಡಿ. ಊರಿನ ಯಾವ ತಕರಾರಿಗೂ ಜನ ಅವನ ಹತ್ತಿರ ಓಡಿಬರುತ್ತಾರೆ. ಅಂಥವರು ಪ್ರತಿ ಊರಲ್ಲೂ ಇರ್ತಾರೆ ಅಲ್ವಾ? ಅವನ ಗತ್ತು ಎಷ್ಟು ನಗಿಸುತ್ತದೋ, ಆ ಗತ್ತಿನ ಒಳಗಿರುವ ಒಂಟಿತನವೂ ಅಷ್ಟೇ ಕಾಣುತ್ತದೆ. ಆದರೆ ಈ ಸಿನಿಮಾ ನನಗೆ ನಿಜವಾಗಿ ದೊಡ್ಡದು ಅನ್ನಿಸಿದ್ದು ಸುಲೋಚನಳ ಮಗಳು ಭಾನು ಬಂದ ಮೇಲೆ. ಅಷ್ಟು ಹೊತ್ತು ನಾವು ಹೊಟ್ಟೆ ಹಿಡಿದು ನಕ್ಕಿದ್ದು ಒಬ್ಬಳ ಸತ್ತ ತಾಯಿಯ ಹೆಸರು ಹೇಳಿಕೊಂಡು! ನಿರ್ದೇಶಕರು ಅದನ್ನು ಭಾಷಣ ಮಾಡಿ ಹೇಳುವುದಿಲ್ಲ. ಭಾನು ಸುಮ್ನೆ ನಿಂತಿರುತ್ತಾಳೆ, ನಮಗೆ ನಗು ಬರುವುದು ನಿಂತುಹೋಗುತ್ತದೆ.

‘ಶಾಖಾಹಾರಿ’ (2024) ಜಾಸ್ತಿ ಜನಕ್ಕೆ ತಲುಪಲಿಲ್ಲ ಅನ್ನುವ ಬೇಸರ ನನಗಿದೆ. ತೀರ್ಥಹಳ್ಳಿ ಕಡೆಯ ಸಸ್ಯಾಹಾರಿ ಹೋಟೆಲಿನ ಸುಬ್ಬಣ್ಣನಾಗಿ ರಂಗಾಯಣ ರಘು. ಇಷ್ಟು ವರ್ಷ ನಗಿಸುವ ಪಾತ್ರಗಳಲ್ಲೇ ಹೆಚ್ಚಾಗಿ ಕಂಡ ಈ ನಟ ಇಲ್ಲಿ ದನಿ ಏರಿಸದೆ ಹೆದರಿಸುತ್ತಾರೆ. ಎದುರಿಗೆ ಇನ್‌ಸ್ಪೆಕ್ಟರ್ ಆಗಿ ಗೋಪಾಲಕೃಷ್ಣ ದೇಶಪಾಂಡೆ. ಇವರಿಬ್ಬರೂ ಒಂದೇ ಕಡೆ ಇದ್ದಾಗ ಬರೀ ಮಾತುಕತೆಗೇ ಎದೆ ಹೊಡೆದುಕೊಳ್ಳುತ್ತದೆ.

‘ಕಾಂತಾರ’ (2022) ಬಗ್ಗೆ ಎಲ್ಲರೂ ಕೊನೆಯ ಇಪ್ಪತ್ತು ನಿಮಿಷದ ಮಾತೇ ಆಡುತ್ತಾರೆ. ಅದು ಅದ್ಭುತ, ಒಪ್ಪುತ್ತೇನೆ. ರಿಷಬ್ ಶೆಟ್ಟಿ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ಸರಿಯಾಗಿಯೇ ಇದೆ. ಆದರೆ ನನಗೆ ಹೆಚ್ಚು ಇಷ್ಟವಾದದ್ದು ಕಿಶೋರ್ ಮಾಡಿದ ಅರಣ್ಯಾಧಿಕಾರಿ ಮುರಳಿ. ಅವನು ವಿಲನ್ ಅಲ್ಲ, ಕಾನೂನು ನಂಬಿದ ಮನುಷ್ಯ. ಕಾಡಿನ ಜಗಳದಲ್ಲಿ ಊರಿನವರದ್ದೂ ಸರಿ, ಅವನದ್ದೂ ಸರಿ ಅನ್ನಿಸುವ ಹಾಗೆ ಬರೆಯುವುದು ಸುಲಭದ ಕೆಲಸವಲ್ಲ. ಅದೇ ಸಿನಿಮಾದಲ್ಲಿ ಲೀಲಾಳ ಪಾತ್ರ ಮಾತ್ರ ನನಗೆ ಕಸಿವಿಸಿ ಮಾಡಿತು. ಕೆಲಸಕ್ಕೆ ಸೇರಿದ ಹುಡುಗಿಯ ಸೊಂಟವನ್ನು ಹೀರೊ ಚಿವುಟುವುದನ್ನು ಪ್ರೀತಿ ಅಂತ ತೋರಿಸುವುದು ಆ ಕಥೆಗೆ ಬೇಕೇ ಇರಲಿಲ್ಲ.

‘ಸಪ್ತ ಸಾಗರದಾಚೆ ಎಲ್ಲೋ’ ಸೈಡ್ ಎ, ಸೈಡ್ ಬಿ ಎರಡೂ 2023ರಲ್ಲೇ ಬಂದವು. ನಿರ್ದೇಶಕರು ಹೇಮಂತ್ ಎಂ. ರಾವ್. ಮೊದಲನೆಯದು ನನಗೆ ತುಂಬಾ ಹತ್ತಿರ. ಸಮುದ್ರದ ಪಕ್ಕ ಮನೆ ಕಟ್ಟುವ ಆಸೆಗೆ ಮನು ಬೇರೆಯವರ ತಪ್ಪು ತಲೆಮೇಲೆ ಹೊತ್ತು ಜೈಲಿಗೆ ಹೋಗುತ್ತಾನೆ. ಹೊರಗೆ ಅವನಿಗಾಗಿ ಒದ್ದಾಡುವ ಪ್ರಿಯಾ ಆಗಿ ರುಕ್ಮಿಣಿ ವಸಂತ್ ಅವರ ಮುಖ ನೋಡುತ್ತಾ ಕೂತರೆ ಸಾಕು. ಎರಡನೆಯದರಲ್ಲಿ ಮನು ಅವಳಿಗೆ ಗೊತ್ತಾಗದ ಹಾಗೆ ಅವಳ ಸಂಸಾರದೊಳಗೆ ನುಸುಳುತ್ತಾನೆ. ಸಿನಿಮಾ ಅದನ್ನು ತ್ಯಾಗ ಅಂತ ನೋಡುತ್ತದೆ, ನನಗೆ ಹೆದರಿಕೆಯಾಯಿತು. ಅಲ್ಲಿ ಮನ ಮುಟ್ಟಿದ್ದು ಜೈಲಿನಿಂದ ಬಂದ ಮನುಗೆ ಹತ್ತಿರವಾಗುವ ಸುರಭಿ, ಅಂದರೆ ಆ ಪಾತ್ರ ಮಾಡಿದ ಚೈತ್ರಾ ಆಚಾರ್.

ಇನ್ನು ಹಿಡಿಸದ್ದು. ‘ಕಬ್ಜ’ (2023) ನೋಡುವಾಗ ಬೇಸರಕ್ಕಿಂತ ಸಂಕಟವೇ ಜಾಸ್ತಿ ಆಯಿತು. ಅಷ್ಟು ದೊಡ್ಡ ಸೆಟ್, ಉಪೇಂದ್ರ ಅವರಂಥ ನಟ. ಆದರೆ ಒಂದು ಮುಖವನ್ನು ನೋಡಿ ಮುಗಿಸುವಷ್ಟರಲ್ಲಿ ದೃಶ್ಯ ಬದಲಾಗಿರುತ್ತದೆ. ಕಪ್ಪು ಬಣ್ಣ, ಹೊಗೆ, ಹಿನ್ನೆಲೆಯಲ್ಲಿ ಏರು ದನಿಯ ವಿವರಣೆ, ಎಲ್ಲವೂ ‘ಕೆಜಿಎಫ್’ನ ನೆನಪೇ ತರುತ್ತವೆ. ಸಾಯುವವರು ಯಾರು ಅಂತ ತಿಳಿಯದಿದ್ದರೆ ಮರುಕ ಹೇಗೆ ಹುಟ್ಟೀತು? ಕಡೆಗೆ ಕಥೆ ಮುಗಿಸದೆ ಎರಡನೇ ಭಾಗಕ್ಕೆ ಬನ್ನಿ ಅನ್ನುತ್ತಾರೆ.

ತಮಿಳಿನ ‘ಇಂಡಿಯನ್ 2’ (2024) ಕೂಡ ಮೂರನೇ ಭಾಗದ ತುಣುಕು ತೋರಿಸಿ ಕಳಿಸಿತು. 1996ರ ಮೊದಲ ಸಿನಿಮಾದಲ್ಲಿ ಲಂಚ ಅಂದರೆ ಏನು ಅಂತ ಹೊಟ್ಟೆಗೆ ತಟ್ಟುತ್ತಿತ್ತು. ಒಬ್ಬ ಅಧಿಕಾರಿ ಲಂಚ ತಿಂದು ಬ್ರೇಕ್ ಕೆಟ್ಟ ಬಸ್ಸಿಗೆ ಸರ್ಟಿಫಿಕೇಟ್ ಕೊಡುತ್ತಾನೆ, ಶಾಲೆ ಮಕ್ಕಳು ಸಾಯುತ್ತಾರೆ. ಆ ಅಧಿಕಾರಿ, ಲಂಚಕೋರರನ್ನು ಕೊಲ್ಲುವ ಹೀರೊ ಸೇನಾಪತಿಯ ಸ್ವಂತ ಮಗ. ಹೊಸದರಲ್ಲಿ ಸಾಯುವವರೆಲ್ಲ ಭಾರೀ ಕುಳಗಳು. ನಮ್ಮ ನಿಮ್ಮಂಥವರ ಸಂಕಟ ಅವಸರದಲ್ಲಿ ಬಂದು ಹೋಗುತ್ತದೆ.

ಹಿಂದಿಯಲ್ಲಿ ಒಂದೇ ಹೇಳು ಅಂದರೆ ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’. ರೈಲು ನಿಲ್ದಾಣದ ಟೀ ಅಂಗಡಿಯ ಮಂಜು ಮಾಯಿಗಾಗಿ ಆ ಸಿನಿಮಾ ಮತ್ತೆ ನೋಡುತ್ತೇನೆ.

ಇವತ್ತು ರಾತ್ರಿ ಏನು ನೋಡಲಿ ಅಂತ ನೀವು ಕೇಳಿದರೆ ಸುಮಂತ್ ಭಟ್ ಅವರ ‘ಮಿಥ್ಯ’ (2025) ಅನ್ನುತ್ತೇನೆ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈ ಬಿಟ್ಟು ಉಡುಪಿಯ ನೆಂಟರ ಮನೆಗೆ ಬರುತ್ತಾನೆ. ಆ ಮನೆಯ ಯಜಮಾನನಾಗಿ ಪ್ರಕಾಶ್ ತುಮಿನಾಡು ಇದ್ದಾರೆ. ‘ಸು ಫ್ರಮ್ ಸೋ’ದಲ್ಲಿ ನಮ್ಮನ್ನು ನಗಿಸಿದವರು. ಇಲ್ಲಿ ಅವರು ಆ ಹುಡುಗನ ಹತ್ತಿರ ಏನು ಮಾತಾಡಬೇಕು ಅಂತ ತೋಚದೆ ಒದ್ದಾಡುವುದನ್ನು ಗಮನಿಸಿ ನೋಡಿ.