ದೋಟಿ ಸಬ್ಸಿಡಿ ಲಿಂಕ್ ಬಗ್ಗೆ: ನಾಲ್ಕು ಲಕ್ಷ ಜನ ನೋಡಿದ್ದಾರೆ ಅಂತ ದುಡ್ಡು ಕಟ್ಟಬೇಡಿ

ಗೌಡ್ರೆ, ಮೊದಲು ಉತ್ತರ ಹೇಳಿಬಿಡುತ್ತೇನೆ. ದುಡ್ಡು ಕಟ್ಟಬೇಡಿ. ಆಧಾರ್ ಫೋಟೊನೂ ಹಾಕಬೇಡಿ. ಕಾರಣ ಸ್ವಲ್ಪ ಉದ್ದ ಇದೆ, ನಿಧಾನಕ್ಕೆ ಓದಿ.

ನಮ್ಮ ಗುಂಪಿನಲ್ಲಿ ಗೌಡರು ಬೆಳಿಗ್ಗೆ ಹಾಕಿದ ಮೆಸೇಜ್ ನೋಡದವರಿಗೆ ವಿಷಯ ಇದು. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗೆ, ಅಂದರೆ ಉದ್ದನೆಯ ಕೋಲಿಗೆ, 80% ಸಹಾಯಧನ ಎನ್ನುವ ವೆಬ್‌ಸೈಟಿನ ಲಿಂಕ್ ಗೌಡರಿಗೆ ಬಂದಿದೆ. ಮೇಲುಗಡೆ ಸರ್ಕಾರದ ಲಾಂಛನ ಇದೆ. ಆಧಾರ್, ಪಹಣಿ ಫೋಟೊ ಹಾಕಿ, ನೋಂದಣಿಗೆ 2,499 ರೂಪಾಯಿ ಕಟ್ಟಿ ಅನ್ನುತ್ತಿದೆ. ಗೌಡರು ಕೇಳಿದ್ದು ಹೀಗೆ: "ಅನುಮಾನ ಇತ್ತು. ಆದರೆ ನಾಲ್ಕು ಲಕ್ಷ ಜನ ನೋಡಿದ್ದಾರೆ. ಕೆಳಗೆ ಅಷ್ಟೊಂದು ಜನ ನಮಗೆ ಬಂತು ಅಂತ ಬರೆದಿದ್ದಾರೆ. ಅಷ್ಟು ಜನರಿಗೂ ಮೋಸ ಮಾಡೋಕೆ ಆಗುತ್ತಾ?"

ನಿಮಗೆ ಮೊದಲು ಬಂದ ಅನುಮಾನವೇ ಸರಿ. ಅದನ್ನು ಅಳಿಸಿ ಹಾಕಿದ್ದು ನಾಲ್ಕು ಲಕ್ಷ ಎನ್ನುವ ಆ ಸಂಖ್ಯೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಇಂಟರ್ನೆಟ್ಟಿನಲ್ಲಿ ನೋಡಿದವರೆಲ್ಲ ಮನುಷ್ಯರೇ ಆಗಿರಬೇಕಿಲ್ಲ. ತಾವಾಗಿಯೇ ಪುಟ ತೆರೆಯುವ, ಲಿಂಕ್ ಒತ್ತುವ, ಕಾಮೆಂಟ್ ಹಾಕುವ ಪ್ರೋಗ್ರಾಂಗಳಿವೆ. ಅವಕ್ಕೆ ಬಾಟ್ ಅನ್ನುತ್ತಾರೆ. ಇಂಪರ್ವಾ ಎಂಬ ಸೈಬರ್ ಭದ್ರತಾ ಕಂಪನಿ 2025ರಲ್ಲಿ ಕೊಟ್ಟ ವರದಿ ಪ್ರಕಾರ, 2024ರಲ್ಲಿ ವೆಬ್‌ಸೈಟುಗಳಿಗೆ ಬಂದುಹೋದ ಟ್ರಾಫಿಕ್ಕಿನಲ್ಲಿ 51% ಬಾಟ್‌ಗಳದ್ದು. ಎಲ್ಲವೂ ಕೆಟ್ಟವೇನಲ್ಲ. ಗೂಗಲ್ ನಮಗೆ ಹುಡುಕಿಕೊಡುವುದೂ ಇಂಥ ಪ್ರೋಗ್ರಾಂ ಕಳಿಸಿಯೇ. ಆದರೆ ಒಟ್ಟು ಟ್ರಾಫಿಕ್ಕಿನಲ್ಲಿ 37% ಕೆಟ್ಟ ಕೆಲಸಕ್ಕೆ ಬಿಟ್ಟ ಬಾಟ್‌ಗಳದ್ದು ಎಂದು ಅದೇ ವರದಿ ಹೇಳುತ್ತದೆ.

2016ರಲ್ಲಿ ಮೆಥ್‌ಬಾಟ್ ಎಂಬ ಜಾಲ ಬಯಲಾಯಿತು. ಹೆಸರುವಾಸಿ ಸೈಟುಗಳೂ ಸೇರಿ 6,000ಕ್ಕೂ ಹೆಚ್ಚು ವಿಳಾಸಗಳನ್ನು ಅವರು ನಕಲು ಮಾಡಿದ್ದರು. ಅಲ್ಲಿ ಬಾಟ್‌ಗಳೇ ವಿಡಿಯೊ ಜಾಹೀರಾತು ನೋಡುತ್ತಿದ್ದವು. ಮನುಷ್ಯರು ಕೂತು ನೋಡಿದ ಹಾಗೆ ಕಾಣಲಿ ಎಂದು ಮೌಸ್ ಆಡಿಸಿದಂತೆಯೂ ತೋರಿಸುತ್ತಿದ್ದವು. ಜಾಹೀರಾತಿನ ದುಡ್ಡು ಆ ಜಾಲದವರ ಜೇಬಿಗೆ ಹೋಗುತ್ತಿತ್ತು. ಅದರ ಮುಖ್ಯಸ್ಥನಿಗೆ 2021ರಲ್ಲಿ ಅಮೆರಿಕದ ಕೋರ್ಟು 10 ವರ್ಷ ಜೈಲು ಹಾಕಿತು. ಕೋಟಿಗಟ್ಟಲೆ ಸುರಿಯುವ ಕಂಪನಿಗಳೇ ಯಾರು ಮನುಷ್ಯ, ಯಾರು ಬಾಟ್ ಅಂತ ತಿಳಿಯದೆ ಕೂತಿದ್ದವು. ನಾವು ಫೋನಿನಲ್ಲಿ ಒಂದು ಸಂಖ್ಯೆ ನೋಡಿ ತಿಳಿಯುತ್ತೇವಾ?

ನಿಮಗೆ ಬಂದ ಲಿಂಕಿಗೆ ಅಷ್ಟೆಲ್ಲ ಕಷ್ಟವೂ ಬೇಕಿಲ್ಲ ಗೌಡ್ರೆ. ಪುಟದ ಮೂಲೆಯಲ್ಲಿ ಕಾಣುವ "ನೋಡಿದವರು" ಎನ್ನುವ ಅಂಕಿಯನ್ನು ಪುಟ ಮಾಡಿದವನೇ ಟೈಪ್ ಮಾಡಿರಬಹುದು. ನೀವು ನೋಡುತ್ತಿರುವಾಗಲೇ ಅದು ಏರುವ ಹಾಗೆ ಮಾಡುವುದೂ ಸುಲಭ. ಕೆಳಗಿನ ಕಾಮೆಂಟುಗಳೂ ಹಾಗೆಯೇ. ಫೇಸ್‌ಬುಕ್ 2019ರ ಮೊದಲ ಮೂರೇ ತಿಂಗಳಲ್ಲಿ ಸುಮಾರು 220 ಕೋಟಿ ನಕಲಿ ಖಾತೆಗಳನ್ನು ತೆಗೆದುಹಾಕಿತ್ತು. ಜಾತ್ರೆಯಲ್ಲಿ ಅಂಗಡಿಯವನು ತನ್ನ ಕಡೆಯವರನ್ನೇ ಮುಂದೆ ನಿಲ್ಲಿಸಿ ವ್ಯಾಪಾರ ಜೋರು ಅಂತ ತೋರಿಸುತ್ತಾನಲ್ಲ, ಇದೂ ಅಂಥದ್ದೇ.

ಪರೀಕ್ಷೆ ಮಾಡುವ ದಾರಿ ಇದೆ. ಲಿಂಕ್ ಹಾಕಿದ್ದು ಫೇಸ್‌ಬುಕ್ ಪೇಜ್ ಆದರೆ ಅದರ ಪರಿಚಯದ ಭಾಗಕ್ಕೆ ಹೋಗಿ "ಪೇಜ್ ಟ್ರಾನ್ಸ್‌ಪರೆನ್ಸಿ" ಒತ್ತಿ. ಪೇಜ್ ಯಾವಾಗ ಶುರುವಾಯಿತು, ಹಿಂದೆ ಏನು ಹೆಸರಿತ್ತು ಎಂದು ಅಲ್ಲಿ ಸಿಗುತ್ತದೆ. ನಡೆಸುವವರು ಯಾವ ದೇಶದಲ್ಲಿದ್ದಾರೆ ಅಂತಲೂ ಸಾಮಾನ್ಯವಾಗಿ ತೋರಿಸುತ್ತದೆ. ಸಿನಿಮಾ ಹಾಡಿನ ಪೇಜ್ ಅಂತ ಜನ ಸೇರಿಸಿ, ಆಮೇಲೆ ಹೆಸರು ಬದಲಿಸಿ ರೈತರ ಯೋಜನೆ ಅಂತ ಮಾಡುವುದು ಮಾಮೂಲು. "ನನಗೆ ದೋಟಿ ಬಂತು" ಎಂದು ಬರೆದವರ ಪ್ರೊಫೈಲ್ ತೆರೆದು ನೋಡಿ. ಊರು ಯಾವುದು? ತೋಟದ ಒಂದು ಫೋಟೊ ಇದೆಯಾ? ನಮ್ಮ ಜನ ಹೊಸ ದೋಟಿ ತಂದರೆ ಫೋಟೊ ಹಾಕದೆ ಇರುತ್ತಾರಾ ಹೇಳಿ.

ಇನ್ನು ವೆಬ್‌ಸೈಟಿನ ವಿಳಾಸ. ಶುರುವಿನಲ್ಲಿ "ಎಚ್‌ಟಿಟಿಪಿಎಸ್" ಜೊತೆ ಬರುವ ಎರಡು ಓರೆಗೆರೆ ಬಿಟ್ಟು, ಆಮೇಲಿನ ಮೊದಲ ಓರೆಗೆರೆ (/) ಎಲ್ಲಿ ಬರುತ್ತದೆ ನೋಡಿ. ಅಲ್ಲಿಂದ ಎಡಕ್ಕೆ, ಹಿಂದೆ ಹಿಂದೆ ಓದಿ. ಗೆರೆಗೆ ಅಂಟಿಕೊಂಡ ತುದಿಯೇ ಮುಖ್ಯ. ಸರ್ಕಾರದ ಸೈಟ್ ಆದರೆ ಆ ತುದಿಯಲ್ಲಿ "ಡಾಟ್ ಜಿಒವಿ ಡಾಟ್ ಇನ್" ಅಂತ ಇರುತ್ತದೆ. ಅದು ಸರ್ಕಾರಿ ಕಚೇರಿಗಳಿಗೆ ಮಾತ್ರ ಸಿಗುವ ವಿಳಾಸ. ಕೆಲವು ಕಡೆ "ಡಾಟ್ ಎನ್‌ಐಸಿ ಡಾಟ್ ಇನ್" ಇರುತ್ತದೆ, ಅದೂ ಸರಿ. ಬರೀ "ಡಾಟ್ ಇನ್", "ಡಾಟ್ ಕಾಮ್", "ಡಾಟ್ ಆರ್ಗ್" ಇದ್ದರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ನಿಮಗೆ ಬಂದದ್ದರಲ್ಲಿ ಜಿಒವಿ ಎಂಬ ಅಕ್ಷರಗಳೇನೋ ಇವೆ, ಆದರೆ ನಡುವೆ ಅಡ್ಡಗೆರೆ ಹಾಕಿ ತುರುಕಿದ್ದಾರೆ. ತುದಿಯಲ್ಲಿ ಇರುವುದು "ಡಾಟ್ ಆರ್ಗ್". ಬ್ಯಾಂಕಿನದ್ದೂ ಈಗ ಹೀಗೇ ಗುರುತಿಸಬಹುದು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ "ಡಾಟ್ ಬ್ಯಾಂಕ್ ಡಾಟ್ ಇನ್" ವಿಳಾಸಕ್ಕೆ ಹೋಗಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು.

ವಿಳಾಸದ ಪಕ್ಕ ಬೀಗದ ಚಿತ್ರ ಇತ್ತು ಅಂತ ಗುಂಪಿನಲ್ಲಿ ಇನ್ನೊಬ್ಬರು ಬರೆದಿದ್ದಾರೆ. ಅದನ್ನು ನಂಬಬೇಡಿ. ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಯಾರೂ ಕದ್ದು ಓದಲಾರರು ಎಂದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕೂತವನೇ ಕಳ್ಳ ಆದರೆ? ಜನ ತಪ್ಪು ತಿಳಿಯುತ್ತಾರೆ ಅಂತಲೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಬೀಗದ ಚಿತ್ರ ತೆಗೆಯಿತು.

ಅವರು 80% ಅಂತ ಯಾಕೆ ಹಾಕಿದ್ದಾರೆ ಗೊತ್ತಾ? ಆ ಅಂಕಿ ನಮ್ಮ ಕಿವಿಗೆ ಮೊದಲೇ ಬಿದ್ದಿದೆ. ನಮ್ಮ ರಾಜ್ಯದಲ್ಲಿ ಕುಸುಮ್ ಯೋಜನೆಯ ಸೋಲಾರ್ ಪಂಪ್‌ಸೆಟ್ಟಿಗೆ ಕೇಂದ್ರದ್ದು 30%, ರಾಜ್ಯದ್ದು 50%, ರೈತರದ್ದು 20% ಎಂದು ನಿಗದಿ ಮಾಡಿದ್ದರು. ನಿಜದ ಒಂದು ತುಂಡು ಸೇರಿಸಿದರೆ ಸುಳ್ಳು ಬೇಗ ಗಂಟಲಲ್ಲಿ ಇಳಿಯುತ್ತದೆ. ಆ ಕುಸುಮ್ ಹೆಸರಿನಲ್ಲೂ ನಕಲಿ ಸೈಟುಗಳು ನೋಂದಣಿ ಶುಲ್ಕ ಕೀಳುತ್ತಿವೆ ಎಂದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಹಲವು ಸಲ ಎಚ್ಚರಿಕೆ ಕೊಟ್ಟಿದೆ. ಇನ್ನೊಂದು ಗುರುತು: ನಮ್ಮಲ್ಲಿ ಸಹಾಯಧನ ಅಂದ ಕೂಡಲೇ ಕೇಳುವುದು ಫ್ರೂಟ್ಸ್ ಐಡಿ, ಅಂದರೆ ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ. ಈ ಸೈಟಿನಲ್ಲಿ ಅದರ ಸುದ್ದಿಯೇ ಇಲ್ಲ. ದುಡ್ಡು ಹೋಗುವುದು ಒಬ್ಬ ಖಾಸಗಿ ವ್ಯಕ್ತಿಯ ಹೆಸರಿನ ಫೋನ್‌ಪೇ ಖಾತೆಗೆ. ಯಾವ ಇಲಾಖೆ ಹಾಗೆ ತೆಗೆದುಕೊಳ್ಳುತ್ತದೆ?

ಈಗ ನಮ್ಮ ಗುಂಪಿನ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಎಲ್ಲ ಬಾಟ್‌ಗಳ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಟ್ವಿಟರ್‌ನ ಹನ್ನೊಂದು ವರ್ಷದ ಸುದ್ದಿಗಳನ್ನು ತೆಗೆದು ನೋಡಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿಜಕ್ಕಿಂತ ಸುಳ್ಳನ್ನು ಜನ ಮುಂದೆ ಕಳಿಸುವ ಸಾಧ್ಯತೆ 70% ಜಾಸ್ತಿ ಎಂದು ಗೊತ್ತಾಯಿತು. ಅದಕ್ಕೆ ಕಾರಣ ಬಾಟ್‌ಗಳಿಗಿಂತ ಮನುಷ್ಯರೇ. ನಮ್ಮ ಕಡೆ ಇನ್ನೊಂದು ಕಷ್ಟ ಇದೆ. ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲೋ ಗುಡ್ಡದ ಮೇಲೋ. ಪುಟ ತೆರೆಯಲು ಹೊತ್ತು ಹಿಡಿಯುತ್ತದೆ. ತಲೆಬರಹ ಓದಿ ಫಾರ್ವರ್ಡ್ ಮಾಡಿಬಿಡುತ್ತೇವೆ.

ಅಡಿಕೆ ಆಮದಿನ ಸುದ್ದಿ ನೋಡಿ. ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಒಪ್ಪಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಸುದ್ದಿ ನಿಜವೇ. ಆದರೆ ತಾರೀಕು ಕಿತ್ತುಹಾಕಿ, ನಿನ್ನೆ ಆದದ್ದು ಅನ್ನುವ ಹಾಗೆ ಅದು ಇನ್ನೂ ಸುತ್ತುತ್ತಿದೆ. 2023ರ ಫೆಬ್ರವರಿಯಲ್ಲಿ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದನ್ನು ಅದರ ಜೊತೆ ಯಾರೂ ಕಳಿಸುವುದಿಲ್ಲ. ಓದಿ ಹೆದರಿ ಚಾಲಿ, ರಾಶಿ ಅಡಿಕೆಯನ್ನೆಲ್ಲ ಗಡಿಬಿಡಿಯಲ್ಲಿ ಮಾರಿದವರಿಗೆ ಆದ ನಷ್ಟ ನಿಜವಾದ ನಷ್ಟ. "ಇಂದಿನ ಅಡಿಕೆ ದರ" ಅಂತ ದಿನಾ ಬರುವ ಎಷ್ಟೋ ಸೈಟುಗಳು ನಡೆಯುವುದು ಜಾಹೀರಾತಿನ ದುಡ್ಡಿಗೆ. ನಾವು ಒತ್ತಿದರೆ ಸಾಕು, ದರ ಸರಿ ಇದೆಯಾ ಅನ್ನುವುದು ಅವರಿಗೆ ಮುಖ್ಯವಲ್ಲ. ಮ್ಯಾಸಿಡೋನಿಯಾದ ವೆಲೆಸ್ ಎಂಬ ಸಣ್ಣ ಊರಿನ ಹುಡುಗರು 2016ರಲ್ಲಿ ಅಮೆರಿಕದ ಚುನಾವಣೆ ಬಗ್ಗೆ ನೂರಕ್ಕೂ ಹೆಚ್ಚು ಸೈಟು ನಡೆಸಿದ್ದೂ ಇದೇ ದುಡ್ಡಿಗೆ. ದರ ಬೇಕಾದರೆ ರಾಜ್ಯ ಸರ್ಕಾರದ ಕೃಷಿ ಮಾರಾಟವಾಹಿನಿ ನೋಡಿ. ಇಲ್ಲದಿದ್ದರೆ ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್‌ಕೋಸ್‌ನ ಶಾಖೆಗೆ ಒಂದು ಫೋನ್ ಮಾಡಿ.

ಅಡಿಕೆ ರೋಗಗಳ ಔಷಧಿಯ ವಿಷಯದಲ್ಲಿ ನನಗೆ ಇನ್ನೂ ಜಾಸ್ತಿ ಸಂಕಟ. ಎಲೆಚುಕ್ಕೆ, ಕೊಳೆ, ಹಳದಿ ಎಲೆ ಮೂರಕ್ಕೂ ಒಂದೇ ಬಾಟಲಿ ಎನ್ನುವ ವಿಡಿಯೊ ಕಳೆದ ವಾರ ಇಲ್ಲೇ ಬಂತು. ಎಲೆಚುಕ್ಕೆ ತರುವುದು ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ. ಕೊಳೆ ತರುವ ಫೈಟೋಫ್ತೋರಾ ಬೇರೆಯೇ ಜಾತಿ. ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ, ಅದನ್ನು ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲವೇ ಇಲ್ಲ. ಮೂರನ್ನೂ ಒಂದೇ ಬಾಟಲಿ ವಾಸಿ ಮಾಡುತ್ತದೆ ಅಂದರೆ ಅಲ್ಲೇ ಸುಳ್ಳು ಸಿಕ್ಕಿತು, ಎಷ್ಟು ಲಕ್ಷ ಜನ ನೋಡಿದ್ದರೂ ಅಷ್ಟೇ. ಕೊಳೆಗೆ ಬೋರ್ಡೋ ದ್ರಾವಣ ಸಿಂಪಡಿಸಿ: ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಉಳಿದದ್ದಕ್ಕೆ ರೋಗದ ಎಲೆ ಹಿಡಿದುಕೊಂಡು ಶಿವಮೊಗ್ಗದ ನವಿಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯಕ್ಕೋ ಹೋಗಿ.

ಇಲ್ಲಿ ಯಾರಾದರೂ ಈಗಾಗಲೇ ದುಡ್ಡು ಕಟ್ಟಿದ್ದರೆ ನಾಚಿಕೆ ಪಟ್ಟು ಸುಮ್ನೆ ಕೂರಬೇಡಿ. ಈಗಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದರೆ ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯಲು ಆಗಬಹುದು. ದುಡ್ಡು ಹಾಕಿದ ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬ್ಯಾಂಕಿಗೂ ಹೇಳಿ. ಆಧಾರ್ ಕೊಟ್ಟಿದ್ದರೆ ಆಧಾರ್ ಆಪ್‌ನಲ್ಲಿ ಬೆರಳಚ್ಚು ಲಾಕ್ ಮಾಡಿ. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪಿಗೆ ಬಂದ ಎಪಿಕೆ ಫೈಲ್ (ಆಪ್ ಹಾಕುವ ಫೈಲ್) ಹಾಕಿಕೊಂಡಿದ್ದರೆ ಮೊದಲು ಫೋನಿನ ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಅಂಥ ಆಪ್ ನಿಮಗೆ ಬರುವ ಒಟಿಪಿಗಳನ್ನು ಓದಿ ಕಳ್ಳನಿಗೆ ಕಳಿಸುತ್ತದೆ.

ಗೌಡ್ರೆ, ಪೇಟೆಗೆ ಹೋದಾಗ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಗೆ ಹೋಗಿ ಕೇಳಿ. ಯಾವ ಉಪಕರಣಕ್ಕೆ ಎಷ್ಟು ಎನ್ನುವುದು ಆಯಾ ವರ್ಷದ ಅನುದಾನದ ಮೇಲೆ ಇರುತ್ತದೆ. ಈ ವರ್ಷ ದೋಟಿಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ, ಏನೇನು ಕಾಗದ ಬೇಕು ಅಂತ ತಿಳಿದುಕೊಂಡು ಗುಂಪಿಗೂ ಹಾಕಿ, ಇಲ್ಲಿ ದೋಟಿ ಬೇಕಾದವರು ಬಹಳ ಜನ ಇದ್ದಾರೆ.